ಮಣ್ಣಿನ ಚೀಟಿ

ಹುಲಿಗೆಮ್ಮ ತಂದದ್ದು ಅರ್ಧ ಕೇಜಿ ಮಣ್ಣು,
ಮೆಕ್ಕೆಜೋಳದ ಬೀಜದ ಹಳೇ ಚೀಲದಲ್ಲಿ ಕಟ್ಟಿ.
ಬಳ್ಳಾರಿಯ ನಮ್ಮ ಪ್ರಯೋಗಶಾಲೆಯ ಕಿಟಕಿಗೆ ಮೊಣಕೈ ಊರಿ
"ಎರಿ ಮಣ್ಣು, ಕುಡತಿನಿದು, ಬೂದಿದಿಬ್ಬದ ಮಗ್ಗಲದ್ದು" ಅಂದಳು,
ಮಗಳ ಜಾತಕ ತೋರಿಸುವವಳ ದನಿಯಲ್ಲಿ.

ಒಣಗಿಸಿದೆ. ಕುಟ್ಟಿ ಜರಡಿ ಹಿಡಿದೆ.
ಕಿತ್ತಳೆ ದ್ರಾವಣ ಹಸಿರಿಗೆ ತಿರುಗುವುದನ್ನು ಕಾದೆ.
ಹದಿನಾಲ್ಕು ವರ್ಷದಿಂದ ಇದೇ ನನ್ನ ಕೆಲಸ:
ಹೊಲದ ಹೊಟ್ಟೆಯಲ್ಲಿ ಎಷ್ಟಿದೆ ಎಂದು ಕೇಳುವುದು,
ಚೌಕದೊಳಗೆ ಬರೆಯುವುದು.
ಸಾವಯವ ಇಂಗಾಲ: ಕಡಿಮೆ.
ಸಾರಜನಕ: ಕಡಿಮೆ.
ಎಲ್ಲಿಗೆ ಹೋಯಿತೆಂದು ಬರೆಯಲು ಚೌಕವಿಲ್ಲ.

ಅವಳು ಕೇಳಿದ್ದು ಅದನ್ನೇ.
"ಕಡಿಮಿ ಅಂದ್ರ, ಯಾರು ಒಯ್ದ್ರು?"

ಯಾರ ಹೆಸರು ಹೇಳಲಿ?
ಮೆಕ್ಕೆಜೋಳ ಒಯ್ದಿತು, ಲಾರಿಯೇರಿ, ಕೋಳಿಫಾರಮ್ಮಿಗೆ.
ದಂಟಿಗೆ ಇಟ್ಟ ಬೆಂಕಿ ಒಯ್ದಿತು.
ಕಾಲುವೆ ನೀರು ನಿಂತ ಮಡಿಯಲ್ಲಿ ಉಸಿರುಕಟ್ಟಿದ ಜೀವಾಣುಗಳು
ನೀನು ಎರಚಿದ ಯೂರಿಯಾವನ್ನೇ ಉಸಿರಾಡಿ
ಮತ್ತೆ ಗಾಳಿಗೆ ಬಿಟ್ಟವು.
ಕಳುವಲ್ಲ ಹುಲಿಗೆಮ್ಮ, ಗಾಳಿ ತನ್ನ ಕೈಗಡ ವಾಪಸು ಕೇಳಿದೆ.

"ಗಾಳ್ಯಾಗ ಐತೇನು ಅದು?"
ನೂರಕ್ಕೆ ಎಪ್ಪತ್ತೆಂಟು ಪಾಲು, ಅಂದೆ.
ನಕ್ಕಳು: "ಮೂಗಿನ ಮುಂದ ಊಟ, ಬಾಯಿಗೆ ಬೀಗ."
ಓದಿದ ಯಾವ ಪಾಠವೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.
ಜೋಡಿ ಪರಮಾಣು, ಮೂರು ಮೂರು ಕೈಯಿಂದ ತಬ್ಬಿ ಕೂತಿವೆ;
ಬಿಡಿಸಲು ಸಿಡಿಲು ಬೇಕು,
ಇಲ್ಲವೇ ಶೇಂಗಾದ ಬೇರು.

ಭಾನುವಾರ ಅವಳ ಹೊಲಕ್ಕೆ ಹೋದೆ. ಆಫೀಸಿನ ಕೆಲಸಕ್ಕಲ್ಲ.
ಬೂದಿದಿಬ್ಬ ಬಿಸಿಲಲ್ಲಿ ಬೆಳ್ಳಗೆ ಕೂತಿತ್ತು.
ರಕ್ಕಸನನ್ನು ಸುಟ್ಟ ಜಾಗವೆಂದು ಅವಳ ಅತ್ತೆ ಹೇಳುತ್ತಿದ್ದಳಂತೆ.
ಸಗಣಿ, ಅಂದೆ. ನಾಲ್ಕು ಸಾವಿರ ವರ್ಷದ ಹಿಂದಿನ ದನದೊಡ್ಡಿ.
ರಾಶಿ ಹಾಕಿದರು, ಯಾಕೋ ಸುಟ್ಟರು,
ಮತ್ತೆ ರಾಶಿ ಹಾಕಿ ಮತ್ತೆ ಸುಟ್ಟರು.
"ಅಷ್ಟೂ ಗೊಬ್ಬರಾನ?" ಅವಳ ಕೈ ಎದೆಗೆ ಹೋಯಿತು,
ನಿನ್ನೆ ರಾತ್ರಿ ಪಕ್ಕದವರು ಸುಟ್ಟರೆಂಬಂತೆ.

ಆಚೆ ವಿದ್ಯುತ್ ಸ್ಥಾವರದ ಚಿಮಣಿ. ಅಲ್ಲೂ ಸುಡುವುದೇ,
ಅಲ್ಲೂ ಬೂದಿ.
ಮನುಷ್ಯನಿಗಿಂತ ಮೊದಲಿನ ಜೌಗುಕಾಡೊಂದು
ಕರ್ರಗೆ, ವ್ಯಾಗನ್ನಿನ ಮೇಲೆ ವ್ಯಾಗನ್ನು, ರೈಲಲ್ಲಿ ಬರುತ್ತದೆ;
ನಮ್ಮ ಮನೆಯ ಮಿಕ್ಸಿ ತಿರುಗಿಸಿ ಮೇಲೆ ಹೋಗುತ್ತದೆ.
ಆ ಕಾಡಿನ ಎಲೆ ಎಂದೋ ನುಂಗಿದ್ದನ್ನು
ಈ ಮಧ್ಯಾಹ್ನ ಹುಲಿಗೆಮ್ಮನ ಬೇಲಿಯ ಜಾಲಿ ನುಂಗುತ್ತಿದೆ,
ಒಂದು ಚೂರು.
ಉಳಿದದ್ದಕ್ಕೆ ಬಾಯಿ ಸಾಲದು.

ಬದುವಿನಲ್ಲಿ ತಾನಾಗಿ ಎದ್ದ ಒಂಟಿ ಶೇಂಗಾ ಗಿಡ.
ಕಿತ್ತು, ಬೇರಿನ ಗಂಟೊಂದನ್ನು ಉಗುರಲ್ಲಿ ಸೀಳಿ ತೋರಿಸಿದೆ.
ಒಳಗೆ ಕೆಂಪು.
"ನೆತ್ತರೇನು?"
ನೆತ್ತರಿನ ದಾಯಾದಿ, ಅಂದೆ.
ಅವಳು ಗಿಡ ಕಸಿದುಕೊಂಡು ಅದೇ ತಗ್ಗಿನಲ್ಲಿ ಮತ್ತೆ ಊರಿದಳು.
ಬದುಕಲಿಕ್ಕಿಲ್ಲ. ನಾನು ಹೇಳಲಿಲ್ಲ.

ಹೊತ್ತು ಮುಳುಗುವಾಗ ಗಾದಿಲಿಂಗಪ್ಪನ ಹಿಂಡು ಬಂತು,
ಮುನ್ನೂರು ಕುರಿ, ಎರಡು ನಾಯಿ, ಕತ್ತೆಯ ಮೇಲೆ ಮರಿಗಳು.
ಮೂರು ರಾತ್ರಿ ತರುಬುವುದಕ್ಕೆ ಒಂದು ಚೀಲ ಜೋಳ, ಮೇಲಿಷ್ಟು ರೊಕ್ಕ;
ಚುಕ್ಕಿ ಮೂಡಿದರೂ ಚೌಕಾಸಿ ಮುಗಿಯಲಿಲ್ಲ.
ಸಾರಜನಕ ಅವನಿಗೆ ಗೊತ್ತಿಲ್ಲ.
ಕುರಿ ಎಲ್ಲಿ ಉಚ್ಚೆ ಹೊಯ್ದರೆ
ಬರುವ ವರ್ಷ ಎಲ್ಲಿ ಬೆಳೆ ಕಪ್ಪೇರುತ್ತದೆಂದು ಗೊತ್ತು.

ಒಲೆ ಹೊತ್ತಿಸಲು ಹುಲಿಗೆಮ್ಮ
ಸೆರಗಿನ ಗಂಟಿನಿಂದ ಕಾಗದ ತೆಗೆದಳು. ನನ್ನ ಚೀಟಿ,
ಸಹಿ ಸೀಲು ಸಮೇತ.
"ಕಡಿಮಿ ಅಂಬೋದು ನೆನಪೈತಿ ಬಿಡಪ್ಪ" ಅಂದಳು.
ಚೌಕಗಳು ಸುರುಟಿದವು, ಕಪ್ಪಾದವು.
ಹೊಗೆ ಕುರಿಗಳ ಬೆನ್ನು ಸವರಿ ಜಾಲಿಯ ಕಡೆ ಹೋಯಿತು.

ಆ ರಾತ್ರಿ ಅಲ್ಲೇ ಮಲಗಿದೆ.
ಮೂಗಿಗೆ ಖಾರ, ಕಣ್ಣಿಗೆ ಉರಿ:
ಹಿಂಡಿನ ಉಚ್ಚೆಯಿಂದಲೂ ಗಾಳಿ ತನ್ನ ಪಾಲು ಎತ್ತುತ್ತಿತ್ತು.
ಎಷ್ಟೆಂದು ಲೆಕ್ಕ ಹಾಕುತ್ತಾ ನಿದ್ದೆ ಹತ್ತಿತು.

ನಡುರಾತ್ರಿ ಸದ್ದಿಗೆ ಎಚ್ಚರಾದೆ.
ಗಾದಿಲಿಂಗಪ್ಪ ಕೋಲು ಹಿಡಿದು, ನಿದ್ದೆಗಣ್ಣಿನ ಕುರಿಗಳನ್ನು
ಒಂದೊಂದೇ ಎಬ್ಬಿಸಿ ನಾಲ್ಕು ಮಾರು ಆಚೆ ಸರಿಸುತ್ತಿದ್ದ.
ಯಾಕೆ, ಅಂದೆ.
"ಈ ಕಡೀಗೆ ಉಂಡೈತಿ" ಅಂದ,
"ಆ ಮೂಲಿ ಇನ್ನೂ ಉಪಾಸ ಐತಿ."